ಕಡಲ ಈಜುಗಾರರ ಮೇಲೆ ಶಾರ್ಕ್ ದಾಳಿ: ಹಳೆಯ ಘಟನೆಗಳು ಏನು ಹೇಳುತ್ತವೆ?

ಪ್ರಶ್ನೆ: ನಾನು ಗಂಗಾವತಿಯವನು, ಭತ್ತದ ವ್ಯಾಪಾರ ಮಾಡಿಕೊಂಡಿದ್ದೇನೆ. ನನ್ನ ಮಗಳಿಗೆ ಹದಿನೇಳು ವರ್ಷ. ತೋಟದ ಬಾವಿಯಲ್ಲಿ ಈಜು ಕಲಿತವಳು ಈಗ ಬಳ್ಳಾರಿಯ ಈಜುಕೊಳದಲ್ಲಿ ತರಬೇತಿ ಪಡೆಯುತ್ತಿದ್ದಾಳೆ. ಬರುವ ಚಳಿಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ನಡೆಯುವ ಒಂದು ಸಮುದ್ರ ಈಜು ಸ್ಪರ್ಧೆಗೆ ಹೆಸರು ಕೊಡಬೇಕೆಂದಿದ್ದಾಳೆ. ನಮ್ಮವ್ವ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ 'ಹುಡುಗಿನ್ನ ಕಳಿಸಬ್ಯಾಡ' ಎಂದು ಹಟ ಹಿಡಿದಿದ್ದಾಳೆ. ಅಮೆರಿಕದಲ್ಲಿ ನೂರು ವರ್ಷದ ಹಿಂದೆ ಶಾರ್ಕ್ ಹನ್ನೆರಡು ದಿನಗಳಲ್ಲಿ ನಾಲ್ವರನ್ನು ಕೊಂದಿತಂತೆ, ಅವರಲ್ಲಿ ಇಬ್ಬರನ್ನು ಹಳ್ಳದೊಳಗೆ ಬಂದು ಕಚ್ಚಿತಂತೆ. ಇದು ನಿಜವೇ? ಶಾರ್ಕ್ ಈಜುವವರನ್ನೇ ಹುಡುಕಿಕೊಂಡು ಬರುತ್ತದೆಯೇ? ಹಳ್ಳಕ್ಕೆ ಬರುವುದಾದರೆ ನಮ್ಮ ಕೃಷ್ಣೆ, ತುಂಗಭದ್ರೆಗೂ ಬರಬಹುದೇ?

ಉತ್ತರ: ನಿಮ್ಮ ತಾಯಿಯವರು ನೋಡಿದ ಘಟನೆ ಕಟ್ಟುಕಥೆಯಲ್ಲ. 1916ರ ಜುಲೈ 1ರಿಂದ 12ರವರೆಗೆ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಐವರ ಮೇಲೆ ದಾಳಿಯಾಗಿ ನಾಲ್ವರು ಸತ್ತರು. ಅವರಲ್ಲಿ ಇಬ್ಬರ ಮೇಲೆ ದಾಳಿಯಾದದ್ದು ಕಡಲ ತೀರದಿಂದ ಸಾಕಷ್ಟು ಒಳಗಿದ್ದ ಒಂದು ಹಳ್ಳದಲ್ಲಿ ಎಂಬುದೂ ದಾಖಲಾದ ಸಂಗತಿ. ಆದರೆ ಒಂದು ಕರಾವಳಿಯ ಒಂದು ಬೇಸಿಗೆಯ ಘಟನೆಯಿಂದ ಎಲ್ಲ ಕಡಲಿಗೂ ಅನ್ವಯಿಸುವ ತೀರ್ಮಾನಕ್ಕೆ ಬರುವ ಮೊದಲು, ಇಂಥ ದಾಳಿಗಳು ಎಲ್ಲೆಲ್ಲಿ, ಯಾವ ಪರಿಸ್ಥಿತಿಯಲ್ಲಿ ನಡೆದಿವೆ ಎಂಬುದನ್ನು ಒಟ್ಟಿಗೆ ನೋಡಬೇಕಾಗುತ್ತದೆ. ಹಾಗೆ ನೋಡಿದಾಗ ದಾಳಿಗಳು ಕಡಲ ಉದ್ದಗಲಕ್ಕೂ ಸಮನಾಗಿ ಹರಡಿಲ್ಲ, ಕೆಲವು ಬಗೆಯ ನೀರಿನಲ್ಲಿ, ಕೆಲವು ಹೊತ್ತಿನಲ್ಲಿ, ಅದರಲ್ಲೂ ಮನುಷ್ಯರು ತಾವಾಗಿಯೇ ಶಾರ್ಕುಗಳನ್ನು ದಡದ ಕಡೆಗೆ ಕರೆತಂದ ಜಾಗಗಳಲ್ಲಿ ಗುಂಪುಗುಂಪಾಗಿ ನಡೆದಿವೆ ಎಂಬುದು ಸ್ಪಷ್ಟವಾಗುತ್ತದೆ. ನಿಮ್ಮ ಮಗಳ ವಿಷಯದಲ್ಲಿ ನಿರ್ಧಾರ ಮಾಡಲು ಉಪಯೋಗಕ್ಕೆ ಬರುವುದು ಈ ತಿಳಿವಳಿಕೆಯೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬದುಕುಳಿದ ಈಜುಗಾರನಿಂದಲೇ ಪ್ರಸಿದ್ಧವಾದ ಹಳೆಯ ಪ್ರಕರಣವೆಂದರೆ 1749ರಲ್ಲಿ ಕ್ಯೂಬಾದ ಹವಾನಾ ಬಂದರಿನಲ್ಲಿ ನಡೆದದ್ದು. ಬ್ರೂಕ್ ವಾಟ್ಸನ್ ಎಂಬ ಹದಿನಾಲ್ಕು ವರ್ಷದ ಹಡಗಿನ ಹುಡುಗ ಬಂದರಿನ ನೀರಿನಲ್ಲಿ ಒಬ್ಬನೇ ಈಜುತ್ತಿದ್ದಾಗ ಶಾರ್ಕ್ ಅವನ ಕಾಲನ್ನು ಹಿಡಿಯಿತು. ಹತ್ತಿರದ ದೋಣಿಯಲ್ಲಿದ್ದ ಸಂಗಡಿಗರು ಅವನನ್ನು ಎಳೆದುಕೊಳ್ಳುವಷ್ಟರಲ್ಲಿ ಪಾದ ಹೋಗಿತ್ತು, ಆಮೇಲೆ ವೈದ್ಯರು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಮರದ ಕಾಲಿನಲ್ಲೇ ಬದುಕು ಕಟ್ಟಿಕೊಂಡ ಆತ ದೊಡ್ಡ ವ್ಯಾಪಾರಿಯಾಗಿ, 1796ರಲ್ಲಿ ಲಂಡನ್ ನಗರದ ಮೇಯರ್ ಆದ. ಜಾನ್ ಸಿಂಗಲ್ಟನ್ ಕಾಪ್ಲಿ ಎಂಬ ಕಲಾವಿದ 1778ರಲ್ಲಿ ಈ ಘಟನೆಯನ್ನು ದೊಡ್ಡ ಚಿತ್ರವಾಗಿ ಬರೆದ. ಆ ಚಿತ್ರದ ಶಾರ್ಕಿಗೆ ದಪ್ಪ ತುಟಿಗಳಿವೆ, ಕಣ್ಣುಗಳು ಮುಂದಕ್ಕೆ ನೋಡುತ್ತವೆ. ನಿಜವಾದ ಶಾರ್ಕಿಗೆ ಇವೆರಡೂ ಇಲ್ಲ. ಯುರೋಪು, ಅಮೆರಿಕಗಳ ಓದುಬರಹ ಬಲ್ಲ ಜನರಿಗೂ ಈ ಪ್ರಾಣಿಯ ಬಗ್ಗೆ ಎಷ್ಟು ಕಡಿಮೆ ತಿಳಿದಿತ್ತು ಎಂಬುದಕ್ಕೆ ಆ ಚಿತ್ರವೇ ಸಾಕ್ಷಿ.

ತಿಳಿಯದ ವಿಷಯದಲ್ಲಿ ಭಯ ಹುಟ್ಟುವಂತೆಯೇ ಉಡಾಫೆಯೂ ಹುಟ್ಟುತ್ತದೆ. 1891ರಲ್ಲಿ ಹರ್ಮನ್ ಓಲ್ರಿಕ್ಸ್ ಎಂಬ ನ್ಯೂಯಾರ್ಕಿನ ಸಿರಿವಂತ, ಅಮೆರಿಕದ ಪೂರ್ವ ತೀರದ ತಂಪು ನೀರಿನಲ್ಲಿ ಶಾರ್ಕ್ ಮನುಷ್ಯನನ್ನು ಕಚ್ಚಿದ ಒಂದೇ ಒಂದು ಪ್ರಕರಣವನ್ನು ಸಾಬೀತುಪಡಿಸಿದವರಿಗೆ 500 ಡಾಲರ್ ಕೊಡುವುದಾಗಿ ಪತ್ರಿಕೆಯಲ್ಲಿ ಸಾರಿದ. ವರ್ಷಗಳು ಕಳೆದರೂ ಯಾರೂ ಆ ಹಣ ಪಡೆಯಲಿಲ್ಲ. ಇದನ್ನೇ ಪುರಾವೆಯೆಂದು ಹಲವರು ನಂಬಿದರು. ನ್ಯೂಯಾರ್ಕಿನ ಅಮೆರಿಕನ್ ಪ್ರಕೃತಿ ವಿಜ್ಞಾನ ವಸ್ತುಸಂಗ್ರಹಾಲಯದ ನಿರ್ದೇಶಕರಾಗಿದ್ದ ಫ್ರೆಡರಿಕ್ ಲ್ಯೂಕಸ್ ಅವರಂಥ ವಿದ್ವಾಂಸರೂ ದೊಡ್ಡ ಶಾರ್ಕಿನ ದವಡೆಗೆ ಕೂಡ ವಯಸ್ಕನ ಕಾಲಿನ ಮೂಳೆಯನ್ನು ತುಂಡರಿಸುವ ಬಲವಿಲ್ಲ ಎಂಬ ಅಭಿಪ್ರಾಯದಲ್ಲಿದ್ದರು. 1916ರ ಬೇಸಿಗೆ ಬಂದದ್ದು ಇಂಥ ವಾತಾವರಣದಲ್ಲಿ.

ಆ ವರ್ಷ ನ್ಯೂಯಾರ್ಕ್ ಸುತ್ತಮುತ್ತ ಪೋಲಿಯೊ ಹರಡಿತ್ತು, ಬಿಸಿಲು ವಿಪರೀತವಾಗಿತ್ತು. ಅನುಕೂಲವಿದ್ದವರು ಮಕ್ಕಳು ಮರಿಗಳೊಂದಿಗೆ ಕಡಲ ತೀರದ ಹೋಟೆಲುಗಳಿಗೆ ಹೋಗಿದ್ದರು. ಜುಲೈ 1ರ ಸಂಜೆ ಬೀಚ್ ಹೇವನ್ ಎಂಬಲ್ಲಿ ಚಾರ್ಲ್ಸ್ ವ್ಯಾನ್ಸಂಟ್ ಎಂಬ ಯುವಕ ಊಟಕ್ಕೆ ಮುಂಚೆ ಒಂದಿಷ್ಟು ಈಜಿ ಬರೋಣವೆಂದು ನೀರಿಗಿಳಿದ. ಅವನ ಜೊತೆಗೆ ಒಂದು ನಾಯಿಯೂ ನೀರಿನಲ್ಲಿ ಆಡುತ್ತಿತ್ತು. ಅವನು ಕೂಗಿಕೊಂಡಾಗ ದಡದಲ್ಲಿದ್ದವರು ನಾಯಿಯನ್ನು ಕರೆಯುತ್ತಿದ್ದಾನೆಂದು ಭಾವಿಸಿದರು. ಜೀವರಕ್ಷಕನೊಬ್ಬ ಅವನನ್ನು ಎಳೆತಂದನಾದರೂ ತೊಡೆಯ ಗಾಯದಿಂದ ಹರಿದ ರಕ್ತವನ್ನು ತಡೆಯಲಾಗದೆ ಹೋಟೆಲಿನ ವ್ಯವಸ್ಥಾಪಕರ ಮೇಜಿನ ಮೇಲೆಯೇ ಅವನು ಪ್ರಾಣ ಬಿಟ್ಟ. ತೀರಗಳನ್ನು ಯಾರೂ ಮುಚ್ಚಲಿಲ್ಲ. ಐದು ದಿನಗಳ ನಂತರ, ಜುಲೈ 6ರಂದು, ಉತ್ತರಕ್ಕಿದ್ದ ಸ್ಪ್ರಿಂಗ್ ಲೇಕ್‌ನಲ್ಲಿ ಹೋಟೆಲ್ ಸಿಬ್ಬಂದಿಯಾಗಿದ್ದ ಚಾರ್ಲ್ಸ್ ಬ್ರೂಡರ್ ದಡದಿಂದ ಸಾಕಷ್ಟು ದೂರ ಈಜಿ ಹೋಗಿದ್ದಾಗ ದಾಳಿಗೆ ಸಿಕ್ಕಿದ. ತೀರದಲ್ಲಿದ್ದ ಹೆಂಗಸೊಬ್ಬರು ಕೆಂಪು ಬಣ್ಣದ ಚಿಕ್ಕ ದೋಣಿಯೊಂದು ಮಗುಚಿದೆ ಎಂದು ಕೂಗಿದರು. ಅವರು ಕಂಡದ್ದು ರಕ್ತ ಹರಡಿದ ನೀರು.

ಹಳ್ಳದ ಘಟನೆ ನಡೆದದ್ದು ಜುಲೈ 12ರಂದು. ಮ್ಯಾಟವಾನ್ ಎಂಬ ಊರಿನ ಪಕ್ಕದ ತೊರೆ ಸಿಹಿನೀರಿನ ಹಳ್ಳವಲ್ಲ. ಅದು ಕೊಲ್ಲಿಗೆ ಸೇರುವ, ಕಡಲು ಉಬ್ಬಿದಾಗ ಉಪ್ಪುನೀರು ಒಳಕ್ಕೆ ನುಗ್ಗುವ ಹಿನ್ನೀರು. ಥಾಮಸ್ ಕಾಟ್ರೆಲ್ ಎಂಬ ನಿವೃತ್ತ ಹಡಗಿನ ಕಪ್ತಾನ ಸೇತುವೆಯ ಮೇಲಿಂದ ಶಾರ್ಕ್ ಮೇಲಕ್ಕೆ ಹೋಗುವುದನ್ನು ಕಂಡು ಊರಿಗೆ ಓಡಿ ಎಚ್ಚರಿಸಿದ. ಬಿಸಿಲಿಗೆ ಮುದುಕನ ಕಣ್ಣು ಮಂಜಾಗಿದೆಯೆಂದು ಜನ ನಕ್ಕರು. ಸ್ವಲ್ಪ ಹೊತ್ತಿನಲ್ಲೇ ಗೆಳೆಯರೊಂದಿಗೆ ಈಜುತ್ತಿದ್ದ ಹನ್ನೊಂದು ವರ್ಷದ ಲೆಸ್ಟರ್ ಸ್ಟಿಲ್‌ವೆಲ್ ನೀರಿನೊಳಗೆ ಮರೆಯಾದ. ಹುಡುಗನನ್ನು ಹುಡುಕಲು ಮುಳುಗಿದ ಇಪ್ಪತ್ತನಾಲ್ಕು ವರ್ಷದ ಸ್ಟ್ಯಾನ್ಲಿ ಫಿಶರ್‌ನ ತೊಡೆಯನ್ನೂ ಶಾರ್ಕ್ ಕಚ್ಚಿತು, ಆಸ್ಪತ್ರೆಗೆ ಸಾಗಿಸಿದರೂ ಅವನು ಉಳಿಯಲಿಲ್ಲ. ಅರ್ಧ ಗಂಟೆಯೊಳಗೆ ತೊರೆಯ ಕೆಳಭಾಗದಲ್ಲಿ ಜೋಸೆಫ್ ಡನ್ ಎಂಬ ಹುಡುಗ ಕಚ್ಚಿಸಿಕೊಂಡ, ಅವನೊಬ್ಬ ಬದುಕಿದ. ಎರಡು ದಿನಗಳ ನಂತರ ಮೈಕೆಲ್ ಶ್ಲೈಸರ್ ಎಂಬಾತ ಪಕ್ಕದ ಕೊಲ್ಲಿಯಲ್ಲಿ ಏಳೂವರೆ ಅಡಿ ಉದ್ದದ ಬಿಳಿ ಶಾರ್ಕನ್ನು ಹಿಡಿದ. ಅದರ ಹೊಟ್ಟೆಯಲ್ಲಿ ಮನುಷ್ಯರ ದೇಹದ ತುಣುಕುಗಳು ಸಿಕ್ಕವು. ಐದೂ ದಾಳಿಗಳನ್ನು ಮಾಡಿದ್ದು ಆ ಒಂದೇ ಶಾರ್ಕೇ, ಅಥವಾ ತೊರೆಯಲ್ಲಿದ್ದದ್ದು ಸಿಹಿನೀರನ್ನು ತಾಳಬಲ್ಲ ಬುಲ್ ಶಾರ್ಕೇ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇಂದಿಗೂ ನಡೆದಿದೆ. ಲ್ಯೂಕಸ್ ಅವರ ದವಡೆಯ ಲೆಕ್ಕಾಚಾರ ಮಾತ್ರ ಅಲ್ಲಿಗೆ ಮುಗಿಯಿತು. ಉಡಾಫೆ ಮಾಡಿದ್ದ ಜನರೇ ಮರುದಿನದಿಂದ ತೊರೆಗೆ ಡೈನಮೈಟ್ ಹಾಕಿ, ಕಂಡಕಂಡ ಶಾರ್ಕುಗಳನ್ನೆಲ್ಲ ಕೊಲ್ಲತೊಡಗಿದರು.

ನಿಮ್ಮ ಮೂರನೆಯ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುವುದು ಒಳ್ಳೆಯದು. ಬಹುಪಾಲು ಶಾರ್ಕುಗಳು ಸಿಹಿನೀರಿನಲ್ಲಿ ಹೆಚ್ಚು ಹೊತ್ತು ಬದುಕಲಾರವು. ಅವುಗಳ ರಕ್ತದಲ್ಲಿ ಯೂರಿಯಾ ಮತ್ತು ಲವಣಗಳ ಪ್ರಮಾಣ ಹೆಚ್ಚಾಗಿರುವುದರಿಂದ ಸಿಹಿನೀರು ದೇಹದೊಳಕ್ಕೆ ನುಗ್ಗುತ್ತದೆ. ಆದರೆ ಬುಲ್ ಶಾರ್ಕ್ ರಕ್ತದ ಯೂರಿಯಾವನ್ನು ಇಳಿಸಿಕೊಂಡು, ಮೂತ್ರಪಿಂಡಗಳ ಮೂಲಕ ಹೆಚ್ಚುವರಿ ನೀರನ್ನು ಹೊರಹಾಕುತ್ತ, ನದಿಗಳಲ್ಲಿ ನೂರಾರು ಕಿಲೋಮೀಟರ್ ಮೇಲಕ್ಕೆ ಹೋಗಬಲ್ಲದು. ದಕ್ಷಿಣ ಅಮೆರಿಕದ ಅಮೆಜಾನ್ ನದಿಯಲ್ಲಿ ಅದು ಪೆರು ದೇಶದವರೆಗೂ ಹೋಗಿದೆ, ಮಿಸಿಸಿಪ್ಪಿ ನದಿಯಲ್ಲಿ 1937ರಲ್ಲಿ ಇಲಿನಾಯ್ ರಾಜ್ಯದ ಆಲ್ಟನ್ ಬಳಿ ಸಿಕ್ಕಿದೆ. ನಮ್ಮ ದೇಶದ ಹೂಗ್ಲಿ ನದಿಯಲ್ಲಿ ಸ್ನಾನಕ್ಕಿಳಿದವರನ್ನು ಕಚ್ಚಿದ ಹಳೆಯ ಪ್ರಕರಣಗಳನ್ನು ಬಹುಕಾಲ ಗಂಗಾ ಶಾರ್ಕ್ ಎಂಬ ಅಪರೂಪದ ಜಾತಿಯ ಮೇಲೆ ಹೊರಿಸಲಾಗಿತ್ತು. ಅವುಗಳಲ್ಲಿ ಹಲವು ಬುಲ್ ಶಾರ್ಕಿನ ಕೆಲಸವಿರಬೇಕೆಂದು ಈಗ ತಜ್ಞರು ಭಾವಿಸುತ್ತಾರೆ. ಇಷ್ಟೆಲ್ಲ ಇದ್ದರೂ ಗಂಗಾವತಿಗೆ ಶಾರ್ಕ್ ಬರುವ ದಾರಿಯೇ ಇಲ್ಲ. ಬಂಗಾಳ ಕೊಲ್ಲಿಯಿಂದ ಹೊರಟ ಮೀನು ವಿಜಯವಾಡದ ಪ್ರಕಾಶಂ ಬ್ಯಾರೇಜ್, ಅದರ ಮೇಲೆ ಪುಲಿಚಿಂತಲ, ನಾಗಾರ್ಜುನ ಸಾಗರ, ಶ್ರೀಶೈಲ, ಅಲ್ಲಿಂದ ತುಂಗಭದ್ರೆಗೆ ತಿರುಗಿದರೆ ಸುಂಕೇಶುಲ ಮತ್ತು ನಮ್ಮ ರಾಯಚೂರು ಜಿಲ್ಲೆಯ ರಾಜೋಳಿಬಂಡ ಆಣೆಕಟ್ಟುಗಳನ್ನೆಲ್ಲ ದಾಟಬೇಕು. ತುಂಗಭದ್ರೆಯಲ್ಲಿ ದೊಡ್ಡ ಬಾಳೆ ಮೀನು ಬಲೆಗೆ ಬಿದ್ದಾಗಲೆಲ್ಲ ಯಾರಾದರೊಬ್ಬರು ಅದರ ಫೋಟೊಕ್ಕೆ ಶಾರ್ಕ್ ಎಂದು ಹೆಸರಿಟ್ಟು ಹಂಚುವುದುಂಟು, ಅದನ್ನು ನಂಬಬೇಕಿಲ್ಲ. ಈ ನದಿಗಳಲ್ಲಿ ಮನುಷ್ಯರಿಗೆ ಅಪಾಯ ಮಾಡಬಲ್ಲ ಪ್ರಾಣಿ ಮೊಸಳೆ. ರಾಯಚೂರು ಕಡೆ ಕೃಷ್ಣೆಯ ದಂಡೆಯ ಹಳ್ಳಿಗಳ ಜನರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಎರಡನೆಯ ಪ್ರಶ್ನೆ. ಶಾರ್ಕ್ ಈಜುವವರನ್ನು ಹೇಗೆ ಪತ್ತೆ ಮಾಡುತ್ತದೆ ಎಂಬುದು ತಿಳಿದರೆ ಅದು ಅವರನ್ನು ಹುಡುಕಿಕೊಂಡು ಬರುತ್ತದೆಯೇ ಎಂಬುದಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ. ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳು ಸ್ಕಾಲಿಯೊಡಾನ್ ಎಂಬ ಪುಟ್ಟ ಶಾರ್ಕನ್ನು ಛೇದಿಸದೆ ಪದವಿ ಪಡೆಯುವಂತಿರಲಿಲ್ಲ. ಕಡಲಿಗೆ ಬಲು ದೂರವಿರುವ ಬಳ್ಳಾರಿಗೂ ಅದು ಫಾರ್ಮಲಿನ್ ತುಂಬಿದ ಡಬ್ಬಿಗಳಲ್ಲಿ ಬರುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕಣ್ಣಲ್ಲಿ ನೀರು ಬರಿಸುವ ಆ ವಾಸನೆಯ ನಡುವೆ ನಾನು ಮೊದಲು ತೋರಿಸುತ್ತಿದ್ದದ್ದು ಅದರ ಮೂತಿಯ ಅಡಿಭಾಗವನ್ನು. ಅಲ್ಲಿ ಸೂಜಿಯಿಂದ ಚುಚ್ಚಿದಂಥ ಸಣ್ಣ ರಂಧ್ರಗಳು ಸಾಲುಸಾಲಾಗಿರುತ್ತವೆ. ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದು ರಂಧ್ರದಿಂದಲೂ ಪಾರದರ್ಶಕವಾದ ಲೋಳೆ ಹೊರಬರುತ್ತದೆ. ಇಟಲಿಯ ಸ್ಟೆಫಾನೊ ಲೊರೆಂಝಿನಿ 1678ರಲ್ಲೇ ಇವುಗಳನ್ನು ವರ್ಣಿಸಿದ್ದ. ಬೇಟೆಯ ದೇಹದಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ತನ್ನು ಶಾರ್ಕ್ ಗ್ರಹಿಸುವುದು ಈ ಅಂಗಗಳ ಮೂಲಕವೇ ಎಂಬುದನ್ನು ಆಡ್ರಿಯಾನಸ್ ಕಾಲ್ಮೈನ್ ಪ್ರಯೋಗಗಳಿಂದ ತೋರಿಸಿದ್ದು 1971ರಲ್ಲಿ. ಆದರೆ ಇದು ಕೆಲಸ ಮಾಡುವುದು ಬಹಳ ಹತ್ತಿರದಲ್ಲಿ ಮಾತ್ರ. ದೂರದಿಂದ ಶಾರ್ಕಿಗೆ ಸುಳಿವು ಕೊಡುವವು ವಾಸನೆ ಮತ್ತು ಸದ್ದು. ಅದರಲ್ಲೂ ಗಾಯಗೊಂಡ ಮೀನು ಒದ್ದಾಡುವಾಗ ಹೊರಡುವಂಥ ಲಯತಪ್ಪಿದ ಮಂದ ಸದ್ದು ಅದನ್ನು ಬೇಗ ಸೆಳೆಯುತ್ತದೆ. ನಡುವಿನ ಅಂತರದಲ್ಲಿ ಕಣ್ಣು ನೆರವಾಗುತ್ತದೆ.

ಆದ್ದರಿಂದ ನೀರು ಕದಡಿ ಕಣ್ಣು ಕೆಲಸ ಮಾಡದಿದ್ದಾಗ, ಸುತ್ತ ಮೀನಿನ ರಕ್ತದ ವಾಸನೆಯಿದ್ದಾಗ, ಮುಂದೆ ಏನೋ ಬಡಿಯುತ್ತ ಚಲಿಸುತ್ತಿರುವಾಗ, ಶಾರ್ಕ್ ಕಚ್ಚಿಯೇ ಪರೀಕ್ಷಿಸುವ ಸಂಭವ ಹೆಚ್ಚು. ಎಳೆಯ ಬಿಳಿ ಶಾರ್ಕಿನ ಕಣ್ಣಿಗೆ ಕೆಳಗಿನಿಂದ ನೋಡುವಾಗ ಈಜುವ ಮನುಷ್ಯ, ಅಲೆ ಸವಾರನ ಹಲಗೆ, ಕಡಲನಾಯಿ ಇವು ಮೂರರ ನಡುವೆ ವ್ಯತ್ಯಾಸ ತಿಳಿಯಲಾರದೆಂದು 2021ರಲ್ಲಿ ಆಸ್ಟ್ರೇಲಿಯದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕಹಾಕಿ ತೋರಿಸಿದ್ದಾರೆ. ಬಿಳಿ ಶಾರ್ಕ್ ಅನೇಕ ಸಲ ಒಮ್ಮೆ ಕಚ್ಚಿ ಬಿಟ್ಟುಹೋಗುವುದೂ, ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರು ಬದುಕುಳಿಯುವುದೂ ಇದಕ್ಕೆ ಹೊಂದುತ್ತದೆ. ಎಲ್ಲ ದಾಳಿಗಳಿಗೂ ಈ ಒಂದೇ ಕಾರಣ ಸಾಕಾಗುತ್ತದೆಂದು ನಾನು ಹೇಳಲಾರೆ. ಹುಲಿ ಶಾರ್ಕ್ ಮತ್ತು ಬುಲ್ ಶಾರ್ಕುಗಳು ಸಿಕ್ಕದ್ದನ್ನು ತಿನ್ನುವ ಜಾತಿಯವು. ಆದರೆ ಒಮ್ಮೆ ಮನುಷ್ಯನ ರುಚಿ ಕಂಡ ಶಾರ್ಕ್ ತೀರದುದ್ದಕ್ಕೂ ಅದನ್ನೇ ಹುಡುಕುತ್ತ ತಿರುಗುತ್ತದೆ ಎಂಬ ಮಾತಿಗೆ ಆಧಾರ ತೀರ ಕಡಿಮೆ. ಸಿಡ್ನಿಯ ಶಸ್ತ್ರವೈದ್ಯ ವಿಕ್ಟರ್ ಕಾಪಲ್ಸನ್ ದಾಳಿಗಳ ವಿವರಗಳನ್ನು ದಶಕಗಳ ಕಾಲ ಶ್ರದ್ಧೆಯಿಂದ ಸಂಗ್ರಹಿಸಿದವರು, ಪುಂಡ ಶಾರ್ಕಿನ ಈ ಸಿದ್ಧಾಂತವೂ ಅವರದೇ. ಅವರು ಕೂಡಿಸಿದ ಮಾಹಿತಿ ಇಂದಿಗೂ ಉಪಯುಕ್ತ, ಸಿದ್ಧಾಂತವನ್ನು ಮಾತ್ರ ನಂತರದವರು ಹೆಚ್ಚಾಗಿ ಕೈಬಿಟ್ಟಿದ್ದಾರೆ.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಪಾಠ ಕಲಿಸುವ ಪ್ರಕರಣವೆಂದು ತೋರುವುದು 1916ರದ್ದಲ್ಲ, ದಕ್ಷಿಣ ಆಫ್ರಿಕಾದ ನಟಾಲ್ ಕರಾವಳಿಯದು. 1957ರ ಡಿಸೆಂಬರ್ 18ರಿಂದ 1958ರ ಏಪ್ರಿಲ್ 5ರವರೆಗೆ ಡರ್ಬನ್ನಿನ ದಕ್ಷಿಣದ ಸಣ್ಣಸಣ್ಣ ವಿಹಾರ ತೀರಗಳಲ್ಲಿ ಒಂಬತ್ತು ದಾಳಿಗಳಾಗಿ ಆರು ಜನ ಸತ್ತರು. ಅಲ್ಲಿಯವರು ಅದನ್ನು 'ಕಪ್ಪು ಡಿಸೆಂಬರ್' ಎನ್ನುತ್ತಾರೆ. ಮಾರ್ಗೇಟ್ ಎಂಬ ಒಂದೇ ಊರಿನಲ್ಲಿ ಡಿಸೆಂಬರ್ 23ರಂದು ಒಬ್ಬ ಯುವಕ ಸತ್ತ, ವಾರ ಕಳೆಯುವಷ್ಟರಲ್ಲಿ 30ರಂದು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ತೋಳು ಕಳೆದುಕೊಂಡು ಬದುಕಿದಳು. ಕ್ರಿಸ್‌ಮಸ್ ರಜೆಗೆಂದು ಒಳನಾಡಿನಿಂದ ಬಂದು ಕಿಕ್ಕಿರಿದಿದ್ದ ಪ್ರವಾಸಿಗರು ಗಂಟುಮೂಟೆ ಕಟ್ಟಿಕೊಂಡು ಓಡಿದರು. ಶಾರ್ಕುಗಳನ್ನು ಕೊಲ್ಲಲೆಂದು ನೌಕಾಪಡೆಯ ಹಡಗು ನೀರಿನೊಳಗೆ ಸಿಡಿಗುಂಡು ಹಾಕಿತು. ಸತ್ತ ಮೀನುಗಳು ತೇಲಿಬಂದು ಇನ್ನಷ್ಟು ಶಾರ್ಕುಗಳು ಕೂಡಿದವು.

ಆ ವರ್ಷವೇ ಏಕೆ ಹೀಗಾಯಿತು ಎಂದು ಕೇಳಿದರೆ ಹಲವು ಕಾರಣಗಳು ಒಂದೇ ಕಡೆ ಸೇರಿದ್ದು ಕಾಣುತ್ತದೆ. ಅಲ್ಲಿ ಡಿಸೆಂಬರ್ ಬೇಸಿಗೆ, ಆ ಬೇಸಿಗೆಯ ಮಳೆಗೆ ನದಿಗಳು ಕೆಂಪಾಗಿ ಹರಿದು ತೀರದ ನೀರು ಕದಡಿತ್ತು. ನದಿ ಕಡಲಿಗೆ ಸೇರುವ ಕದಡಿದ ಅಳಿವೆಗಳು ಬುಲ್ ಶಾರ್ಕಿಗೆ ಪ್ರಿಯವಾದ ಬೇಟೆಯ ಜಾಗ, ಆ ನಾಡಿನಲ್ಲಿ ಅದರ ಹೆಸರೇ ಜಾಂಬೆಜಿ ನದಿಯ ಮೇಲೆ ಬಂದಿದೆ. ಅದೇ ಕರಾವಳಿಯಲ್ಲಿ ಆಗ ತಿಮಿಂಗಿಲ ಬೇಟೆ ದೊಡ್ಡ ಉದ್ಯಮವಾಗಿತ್ತು, ಕೊಂದ ತಿಮಿಂಗಿಲಗಳನ್ನು ಹಡಗುಗಳು ಡರ್ಬನ್ನಿಗೆ ಎಳೆದು ತರುವಾಗ ಶಾರ್ಕುಗಳು ಹಿಂದೆಯೇ ಬರುತ್ತಿದ್ದವು. ಜೊತೆಗೆ ಹಿಂದೆಂದೂ ಇಲ್ಲದಷ್ಟು ಜನ ನೀರಿಗಿಳಿಯುತ್ತಿದ್ದ ಕಾಲವದು. ಇವುಗಳಲ್ಲಿ ಯಾವುದೊಂದೂ ಪೂರ್ತಿ ಕಾರಣವಲ್ಲ, ಎಲ್ಲವೂ ಒಂದೇ ಕಾಲದಲ್ಲಿ ಕೂಡಿ ಬಂದವು.

ಇದೇ ರೀತಿಯ ಜೋಡಣೆ ಬೇರೆ ಕಡೆಯೂ ಕಾಣಸಿಗುತ್ತದೆ. ಬ್ರೆಜಿಲ್ಲಿನ ರೆಸಿಫೆ ನಗರದಲ್ಲಿ ದಾಳಿಗಳು ಸುದ್ದಿಯಾಗತೊಡಗಿದ್ದು 1992ರಿಂದ. ಅದಕ್ಕೆ ಮೊದಲು ದಕ್ಷಿಣಕ್ಕಿರುವ ಸುವಾಪೆ ಎಂಬಲ್ಲಿ ದೊಡ್ಡ ಬಂದರು ಕಟ್ಟಲು ಅಳಿವೆ ಮತ್ತು ಅದರ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳನ್ನು ಕೆಡಿಸಲಾಗಿತ್ತು. ಅಲ್ಲಿದ್ದ ಶಾರ್ಕುಗಳು ನಗರದ ತೀರಕ್ಕೆ ಸರಿದವೆಂಬುದು ಸಂಶೋಧಕರ ವಿವರಣೆ. ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ 2010ರ ಡಿಸೆಂಬರಿನ ಮೊದಲ ವಾರದಲ್ಲಿ ಐದು ದಾಳಿಗಳಾಗಿ ಒಬ್ಬ ಪ್ರವಾಸಿ ಮಹಿಳೆ ಸತ್ತಾಗ, ಪ್ರವಾಸಿಗರಿಗೆ ತೋರಿಸಲು ಮೀನುಗಳಿಗೆ ಆಹಾರ ಹಾಕುವ ಅಭ್ಯಾಸ, ಅತಿಯಾದ ಮೀನುಗಾರಿಕೆ ಮತ್ತು ಹಡಗುಗಳಿಂದ ಸತ್ತ ಕುರಿಗಳನ್ನು ಕಡಲಿಗೆ ಎಸೆದದ್ದು ಕಾರಣಗಳ ಪಟ್ಟಿಯಲ್ಲಿದ್ದವು.

ತಡೆಗಟ್ಟುವ ಉಪಾಯಗಳ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಸಿಡ್ನಿಯಲ್ಲಿ 1937ರಿಂದ, ಡರ್ಬನ್ನಿನಲ್ಲಿ 1952ರಿಂದ ತೀರದ ಹೊರಗೆ ಬಲೆ ಹಾಕುತ್ತಾರೆ. ಇವು ದಡದಿಂದ ದಡಕ್ಕೆ ಕಟ್ಟಿದ ಬೇಲಿಯಲ್ಲ, ನೀರಿನ ನಡುವೆ ತುಂಡುತುಂಡಾಗಿ ನಿಲ್ಲಿಸಿದ ಮೀನು ಬಲೆಗಳು. ಶಾರ್ಕ್ ಅದರ ಮೇಲಿಂದಲೂ ಪಕ್ಕದಿಂದಲೂ ಒಳಬರಬಹುದು, ಎಷ್ಟೋ ಶಾರ್ಕುಗಳು ದಡದ ಕಡೆಯಿಂದ ಹೊರಗೆ ಹೋಗುವಾಗ ಸಿಕ್ಕಿಬೀಳುತ್ತವೆ. ಬಲೆ ಕೆಲಸ ಮಾಡುವುದು ಆ ಭಾಗದ ಶಾರ್ಕುಗಳನ್ನು ಕೊಂದು ಕಡಿಮೆ ಮಾಡುವುದರಿಂದ. ಜೊತೆಗೆ ಡಾಲ್ಫಿನ್, ಕಡಲಾಮೆ, ತೊರಕೆ ಎಂಬ ಚಪ್ಪಟೆ ಮೀನುಗಳೂ ಸಾಯುತ್ತವೆ. ಸಿಡ್ನಿಯಲ್ಲಿ 1963ರ ನಂತರ ಸುಮಾರು ಅರವತ್ತು ವರ್ಷ ಯಾರೂ ಶಾರ್ಕಿನಿಂದ ಸಾಯದೆ, 2022ರ ಫೆಬ್ರವರಿಯಲ್ಲಿ ಲಿಟಲ್ ಬೇ ಎಂಬಲ್ಲಿ ಈಜುತ್ತಿದ್ದವನೊಬ್ಬ ಸತ್ತ. ಅಷ್ಟು ವರ್ಷಗಳ ಸುರಕ್ಷತೆ ಬಲೆಯಿಂದಲೇ ಬಂತೇ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ.

ನಿಮ್ಮ ಮಗಳ ಸ್ಪರ್ಧೆಗೆ ಹೆಚ್ಚು ಹತ್ತಿರವಾದದ್ದು ದೂರ ಈಜುಗಾರರ ಅನುಭವ. ಕಲ್ಕತ್ತದ ವಕೀಲ ಮಿಹಿರ್ ಸೇನ್ 1966ರ ಏಪ್ರಿಲ್ 5 ಮತ್ತು 6ರಂದು ಶ್ರೀಲಂಕಾದ ತಲೈಮನ್ನಾರಿನಿಂದ ಧನುಷ್ಕೋಟಿಯವರೆಗೆ ಪಾಕ್ ಜಲಸಂಧಿಯನ್ನು 25 ಗಂಟೆ 36 ನಿಮಿಷಗಳಲ್ಲಿ ಈಜಿದರು. ಶಾರ್ಕ್ ಮತ್ತು ಕಡಲಹಾವುಗಳ ಭಯವಿದ್ದ ಆ ನೀರಿನಲ್ಲಿ ಭಾರತೀಯ ನೌಕಾಪಡೆಯ ಹಡಗುಗಳು ಅವರ ಜೊತೆಗಿದ್ದವು. 1952ರಲ್ಲಿ ಫ್ಲಾರೆನ್ಸ್ ಚಾಡ್ವಿಕ್ ಕ್ಯಾಲಿಫೋರ್ನಿಯದ ಕ್ಯಾಟಲೀನಾ ಜಲಸಂಧಿಯನ್ನು ಈಜುವಾಗ ದೋಣಿಯಲ್ಲಿದ್ದವರು ಬಂದೂಕು ಹಾರಿಸಿ ಶಾರ್ಕುಗಳನ್ನು ಓಡಿಸಿದರಂತೆ, ಆ ದಿನ ಅವರನ್ನು ಸೋಲಿಸಿದ್ದು ಮಾತ್ರ ಮಂಜು ಮತ್ತು ಚಳಿ. ಡಯಾನಾ ನಯಾಡ್ 1978ರಲ್ಲಿ ಕ್ಯೂಬಾದಿಂದ ಫ್ಲಾರಿಡಾಕ್ಕೆ ಪಂಜರದೊಳಗೆ ಈಜಲು ಹೋಗಿ ಗಾಳಿ, ಅಲೆಗಳಿಗೆ ಸೋತರು. ಮುಂದಿನ ಪ್ರಯತ್ನಗಳಲ್ಲಿ ಅವರನ್ನು ಕಾಡಿದ್ದು ಜೆಲ್ಲಿ ಮೀನುಗಳು. ಕೊನೆಗೆ 2013ರಲ್ಲಿ, ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಪಂಜರವಿಲ್ಲದೆ ದಡ ಮುಟ್ಟಿದರು. ಸಂಘಟಿತ ದೂರ ಈಜಿನಲ್ಲಿ ದಾಳಿಗಳು ತೀರ ವಿರಳ. 2014ರ ಜುಲೈನಲ್ಲಿ ಕ್ಯಾಲಿಫೋರ್ನಿಯದ ಮ್ಯಾನ್‌ಹಟನ್ ಬೀಚಿನಲ್ಲಿ ಅಭ್ಯಾಸ ಮಾಡುತ್ತಿದ್ದ ದೂರ ಈಜುಗಾರನೊಬ್ಬನನ್ನು ಕಚ್ಚಿದ ಎಳೆಯ ಬಿಳಿ ಶಾರ್ಕ್, ಅಲ್ಲಿನ ಮೀನುಗಟ್ಟೆಯ ಮೇಲಿಂದ ಹಾಕಿದ ಗಾಳಕ್ಕೆ ಸಿಕ್ಕಿ ಮುಕ್ಕಾಲು ಗಂಟೆಯ ಹತ್ತಿರ ಒದ್ದಾಡುತ್ತಿದ್ದದ್ದು.

ಅಂಕಿಗಳನ್ನೂ ಹೇಳಿಬಿಡುತ್ತೇನೆ. 1958ರಲ್ಲಿ ಆರಂಭವಾಗಿ ಈಗ ಫ್ಲಾರಿಡಾದ ವಸ್ತುಸಂಗ್ರಹಾಲಯದಲ್ಲಿರುವ ಅಂತಾರಾಷ್ಟ್ರೀಯ ಶಾರ್ಕ್ ದಾಳಿ ಕಡತವು ಮನುಷ್ಯರೇ ಕೆಣಕಿದ ಪ್ರಕರಣಗಳನ್ನು ಬೇರೆ ಮಾಡಿ ಲೆಕ್ಕವಿಡುತ್ತದೆ. ಅದರ ಪ್ರಕಾರ ಕೆಣಕದೆ ಆದ ದಾಳಿಗಳು ಇಡೀ ಜಗತ್ತಿನಲ್ಲಿ 2023ರಲ್ಲಿ 69, 2024ರಲ್ಲಿ 47. ಹೆಚ್ಚಿನವು ಅಮೆರಿಕ ಮತ್ತು ಆಸ್ಟ್ರೇಲಿಯದಲ್ಲಿ ಆದವು. ನಮ್ಮ ದೇಶದಲ್ಲಿ ನೀರಿನಲ್ಲಿ ಮುಳುಗಿ ಸಾಯುವವರು ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ಸತ್ತದ್ದು ಅಲೆಗಳ ಸೆಳೆತಕ್ಕೆ ಸಿಕ್ಕಿ. ನಿಮ್ಮ ತಾಯಿಯವರು ಕಡಲಿಗೆ ಹೆದರುವುದರಲ್ಲಿ ತಪ್ಪಿಲ್ಲ, ಹೆದರಬೇಕಾದದ್ದು ಈ ಸೆಳೆತಕ್ಕೆ. ಬಾವಿ ಮತ್ತು ಕೊಳದಲ್ಲಿ ಕಲಿತ ಹುಡುಗಿಗೆ ಹರಿಯುವ ನೀರಿನ ಒತ್ತಡ ಗೊತ್ತಿರುವುದಿಲ್ಲ. ಸೆಳೆತ ಹೊರಕ್ಕೆ ಎಳೆದಾಗ ಅದಕ್ಕೆ ಎದುರಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಅಡ್ಡ ಸರಿದು, ಆಮೇಲೆ ಒಳಬರುವುದನ್ನು ಅವಳು ಸ್ಪರ್ಧೆಗೆ ಮೊದಲೇ ಕಡಲಿನಲ್ಲಿ, ತರಬೇತುದಾರರ ಕಣ್ಣೆದುರಿಗೆ ಅಭ್ಯಾಸ ಮಾಡಿರಬೇಕು.

ಆದ್ದರಿಂದ ನನ್ನ ಸಲಹೆ, ಹುಡುಗಿಯನ್ನು ತಡೆಯಬೇಡಿ, ಆದರೆ ಹೆಸರು ಕೊಡುವ ಮೊದಲು ಸಂಘಟಕರನ್ನು ಕೆಲವು ವಿಷಯ ಕೇಳಿ. ಈಜುವ ದಾರಿ ಯಾವುದಾದರೂ ಅಳಿವೆಯ ಬಾಯಿಯಿಂದಲೋ, ಮೀನು ತೊಳೆದು ತ್ಯಾಜ್ಯ ಸುರಿಯುವ ಮೀನುಗಾರಿಕಾ ಬಂದರಿನಿಂದಲೋ ಎಷ್ಟು ದೂರವಿದೆ, ಆ ಹೊತ್ತಿನಲ್ಲಿ ಅಲ್ಲಿ ಬಲೆ, ಗಾಳಗಳನ್ನು ನಿಲ್ಲಿಸುತ್ತಾರೆಯೇ, ಎಷ್ಟು ಈಜುಗಾರರಿಗೆ ಒಂದು ದೋಣಿ ಇರುತ್ತದೆ ಎಂದು ವಿಚಾರಿಸಿ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಅವಳು ಒಬ್ಬಳೇ ಅಭ್ಯಾಸಕ್ಕೆ ಇಳಿಯಬಾರದು, ಹೊಳೆಯುವ ಒಡವೆ ಹಾಕಿಕೊಂಡು ಇಳಿಯಬಾರದು. ಆಳವಿಲ್ಲದ ಮರಳಿನಲ್ಲಿ ನಡೆಯುವಾಗ ಪಾದ ಎತ್ತಿಡದೆ ಎಳೆದುಕೊಂಡು ನಡೆದರೆ ಮರಳಿನಲ್ಲಿ ಅಡಗಿದ ತೊರಕೆ ಸರಿದುಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಈಜಲು ಬಂದವರಿಗೆ ಶಾರ್ಕಿಗಿಂತ ತೊರಕೆಯ ಬಾಲದ ಮುಳ್ಳು, ಜೆಲ್ಲಿ ಮೀನಿನ ಉರಿ ಎದುರಾಗುವ ಸಂಭವವೇ ಹೆಚ್ಚು. ಮುಳ್ಳು ಚುಚ್ಚಿದರೆ ತಾಳಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟುಕೊಂಡು ವೈದ್ಯರಲ್ಲಿಗೆ ಹೋಗಬೇಕು.

ಇನ್ನೊಂದು ವಿಷಯವನ್ನು ಖಂಡಿತವಾಗಿ ಕೇಳಬೇಕು. ಮೇಲೆ ಹೇಳಿದ ಸಾವುಗಳಲ್ಲಿ ಹೆಚ್ಚಿನವು ರಕ್ತ ಹರಿದುಹೋಗಿ ಆದವು, ಮ್ಯಾಟವಾನಿನ ಫಿಶರ್ ರೈಲಿಗಾಗಿ ಕಾಯುತ್ತ ಗಂಟೆಗಟ್ಟಲೆ ರಕ್ತ ಕಳೆದುಕೊಂಡ. ಗಾಯಾಳುವನ್ನು ಅವಸರದಲ್ಲಿ ವಾಹನಕ್ಕೆ ಹಾಕದೆ ಮೊದಲು ದಡದಲ್ಲೇ ರಕ್ತ ನಿಲ್ಲಿಸಿ ಚಿಕಿತ್ಸೆ ಆರಂಭಿಸಬೇಕೆಂಬ ಪದ್ಧತಿಯನ್ನು 1960ರ ದಶಕದ ಆರಂಭದಲ್ಲಿ ಡರ್ಬನ್ನಿನ ತಜ್ಞರು ರೂಢಿಗೆ ತಂದರು. ಇದು ಶಾರ್ಕಿಗೆ ಮಾತ್ರವಲ್ಲ, ದೋಣಿಯ ಮೋಟಾರಿನ ರೆಕ್ಕೆ ತಗುಲಿದ ಗಾಯಕ್ಕೂ ಅನ್ವಯಿಸುತ್ತದೆ, ಸ್ಪರ್ಧೆಗಳಲ್ಲಿ ಅದರ ಭಯ ಶಾರ್ಕಿಗಿಂತ ನಿಜವಾದದ್ದು. ದೋಣಿಯಲ್ಲಿ ಮತ್ತು ದಡದಲ್ಲಿ ರಕ್ತ ತಡೆಯುವ ಪಟ್ಟಿ ಇದೆಯೇ, ಅದನ್ನು ಕಟ್ಟಲು ಬಲ್ಲವರು ಯಾರು, ಆಂಬ್ಯುಲೆನ್ಸ್ ಎಲ್ಲಿ ನಿಂತಿರುತ್ತದೆ ಎಂಬ ಪ್ರಶ್ನೆಗಳಿಗೆ ಸಂಘಟಕರು ತಡವರಿಸದೆ ಉತ್ತರ ಕೊಟ್ಟರೆ ಹೆಸರು ಕೊಡಿ. ತಡವರಿಸಿದರೆ ಆ ಸ್ಪರ್ಧೆಯನ್ನು ಬಿಟ್ಟು ಬೇರೊಂದನ್ನು ನೋಡಿ.